ಯಾವೂರು, ಯಾರ ಪೈಕಿ: ಆಸ್ಟ್ರೇಲಿಯಾದ ಹೊಸ ಇಂಡಿ ಬ್ಯಾಂಡ್ ಹುಡುಕೋದು ಹಿಂಗೆ

ಮೊನ್ನೆ ಚಿಕ್ಕಮಗಳೂರಿಂದ ಮೂಡಿಗೆರೆಗೆ ಹೋಗ್ತಾ ಕಾರಲ್ಲಿ ಗ್ಲಾಸ್ ಬೀಮ್ಸ್ ಹಾಕಿದ್ದೆ, ಪಕ್ಕದಲ್ಲಿ ಕೂತಿದ್ದ ಫ್ರೆಂಡು ‘ಇದ್ಯಾವ್ದೋ ಹಳೇ ಹಿಂದಿ ಪಿಕ್ಚರ್ ಮ್ಯೂಸಿಕ್ಕಾ’ ಅಂದ. ಇಲ್ಲ ಮಾರಾಯ, ಮೆಲ್ಬರ್ನ್ ಬ್ಯಾಂಡು ಅಂದ್ರೆ ನಂಬ್ಲೇ ಇಲ್ಲ. ಮುಖವಾಡ ಹಾಕ್ಕೊಂಡು ನುಡಿಸೋ ಮೂರು ಜನ ಅವ್ರು, ಬ್ಯಾಂಡ್ ಶುರು ಮಾಡಿದ ರಾಜನ್ ಸಿಲ್ವಾ ಅವ್ರ ಅಪ್ಪ 70ರ ದಶಕದಲ್ಲಿ ನಮ್ ದೇಶದಿಂದ ಅಲ್ಲಿಗೆ ಹೋದೋರು, ಹಂಗಾಗಿ ಆ ಗಿಟಾರಲ್ಲಿ ನಮ್ ರಾಗದ ವಾಸನೆ ಬರತ್ತೆ. ಇಂಥವೆಲ್ಲ ನಿಂಗೆಲ್ಲಿ ಸಿಗ್ತವೆ ಅಂತ ಕೇಳ್ದ. ಆಲ್ದೂರು ದಾಟೋವರೆಗೂ ಅವ್ನಿಗೆ ಕೊರೆದಿದ್ದನ್ನೇ ಇಲ್ಲಿ ಬರೀತಿದೀನಿ. ಇಂಡಿ ಅಂದ್ರೆ ದೊಡ್ಡ ಕಂಪನಿಗಳ ಹಂಗಿಲ್ದೆ ಹಾಡೋ ಬ್ಯಾಂಡುಗಳು.

ಮೊದ್ಲು ಹಾಡು ಕೇಳೋ ಆಪ್ ತಾನಾಗೇ ಕೊಡೋ ಲಿಸ್ಟನ್ನ ನೆಚ್ಕೊಳೋದು ಬಿಡಿ. ಎರಡು ಸಲ ಟೇಮ್ ಇಂಪಾಲ ಥರದ ಹೆಸರಾದ ಬ್ಯಾಂಡ್ ಕೇಳಿದ್ರೆ ಹತ್ತು ದಿನ ಅದನ್ನೇ ತಿರುಗಿಸಿ ಮುರುಗಿಸಿ ಬಡಿಸ್ತಾ ಇರತ್ತೆ, ನಿನ್ನೆ ಸಾರಿಗೆ ಇವತ್ತು ನೀರು ಹಾಕಿ ಕುದಿಸಿದ ಹಂಗೆ. ಮುನ್ನೂರು ಜನ ಮಾತ್ರ ಕೇಳಿರೋ ಬ್ಯಾಂಡು ಅಲ್ಲಿ ಮೇಲೆ ಬರೋದು ತುಂಬಾ ಕಷ್ಟ.

ನಾನು ಮಾಡೋದು ನಮ್ ಅಜ್ಜಿ ಸ್ಟೈಲು. ಮದುವೆ ಮನೇಲಿ ಗುರುತಿಲ್ಲದ ಹುಡುಗ ಸಿಕ್ರೆ ಅಜ್ಜಿ ಮೊದ್ಲು ‘ಯಾವೂರಪ್ಪ’ ಅಂತಾಳೆ, ಆಮೇಲೆ ‘ಯಾರ ಪೈಕಿ’, ಐದು ನಿಮಿಷದಲ್ಲಿ ಅವ್ನ ಮುತ್ತಾತನ ತೋಟ ಎಲ್ಲಿತ್ತು ಅನ್ನೋವರೆಗೂ ಹೋಗಿರ್ತಾಳೆ. ಇಷ್ಟ ಆದ ಒಂದೇ ಒಂದು ಬ್ಯಾಂಡ್ ಹಿಡ್ಕೊಂಡು ಇದೇ ಎರಡು ಪ್ರಶ್ನೆ ಕೇಳ್ಬೇಕು ಅಷ್ಟೆ.

ಯಾರ ಪೈಕಿ ಅನ್ನೋದನ್ನ ಮೊದ್ಲು ನೋಡೋಣ, ಅದೇ ಮಜಾ ಇರೋದು. ಕಿಂಗ್ ಗಿಜರ್ಡ್ ಅಂಡ್ ದ ಲಿಜರ್ಡ್ ವಿಜರ್ಡ್ ಅಂತ ಮೆಲ್ಬರ್ನ್‌ದೇ ಬ್ಯಾಂಡು, 2017 ಒಂದೇ ವರ್ಷದಲ್ಲಿ ಐದು ಆಲ್ಬಂ ಬಿಟ್ಟು, ಅದ್ರಲ್ಲಿ ಒಂದನ್ನ ಯಾರು ಬೇಕಾದ್ರೂ ರೆಕಾರ್ಡ್ ಹಾಕಿಸಿ ಮಾರ್ಕೊಳಿ ಅಂತ ಫ್ರೀಯಾಗಿ ಕೊಟ್ಟ ಪುಣ್ಯಾತ್ಮರು. ಅದ್ರಲ್ಲಿ ಮೌತ್ ಆರ್ಗನ್ ಊದೋ ಆಂಬ್ರೋಸ್ ಕೆನ್ನಿ ಸ್ಮಿತ್ ಇನ್ನೊಂದು ಕಡೆ ದ ಮರ್ಲಾಕ್ಸ್ ಅನ್ನೋ ಬ್ಯಾಂಡಿಗೆ ಹಾಡ್ತಾರೆ. ಈ ಎರಡೂ ಬ್ಯಾಂಡಿನ ರೆಕಾರ್ಡ್ ತಂದಿದ್ದು ಫ್ಲೈಟ್‌ಲೆಸ್ ಅನ್ನೋ ಸಣ್ಣ ಲೇಬಲ್ಲು (ಅಂದ್ರೆ ರೆಕಾರ್ಡ್ ಕಂಪನಿ), ಅದೇ ಲೇಬಲ್ ಆಸ್ಟ್ರೇಲಿಯಾದಲ್ಲಿ ಆಮಿಲ್ ಅಂಡ್ ದ ಸ್ನಿಫರ್ಸ್ ಅವ್ರ 2019ರ ಮೊದಲ ಆಲ್ಬಮ್ಮನ್ನೂ ತಂತು. ನೋಡಿ, ಒಂದು ದಾರ ಎಳೆದ್ರೆ ಮೂರು ಬ್ಯಾಂಡ್ ಬಂತು. ಅದಕ್ಕೇ ಹಾಡು ಇಷ್ಟ ಆದ್ರೆ ಕೆಳಗೆ ಲೇಬಲ್ ಹೆಸರು, ರೆಕಾರ್ಡ್ ಮಾಡಿದೋರ ಹೆಸರು, ಯಾರ್ಯಾರು ನುಡಿಸಿದಾರೆ ಅನ್ನೋದು ಓದಿ. ಲೇಬಲ್ ಸಣ್ಣದಾದಷ್ಟೂ ಒಳ್ಳೇದು, ಸಣ್ಣ ಲೇಬಲ್ ನಡ್ಸೋನಿಗೆ ಒಂದು ರುಚಿ ಇರತ್ತೆ, ಒಂದು ಇಷ್ಟ ಆದ್ರೆ ನಾಲ್ಕು ಇಷ್ಟ ಆಗತ್ತೆ. ಮೆಲ್ಬರ್ನ್‌ದೇ ಚಾಪ್ಟರ್ ಮ್ಯೂಸಿಕ್ ಅಂತ ಇದೆ, 1992ರಿಂದ ಇರೋದು, ಅದ್ರ ಹಳೇ ಲಿಸ್ಟ್ ಕೆದಕಿದ್ರೇ ಒಂದು ಮಳೆಗಾಲ ಕಳೆಯತ್ತೆ.

ಇನ್ನು ಯಾವೂರು. ಅಲ್ಲಿ ಊರೂರಿಗೂ ಕಮ್ಯುನಿಟಿ ರೇಡಿಯೋ ಇದೆ, ಕೇಳುಗರು ವರ್ಷಕ್ಕಿಷ್ಟು ಅಂತ ದುಡ್ಡು ಕೊಟ್ಟು ಸಾಕೋ ಸ್ಟೇಷನ್ನುಗಳು. ಮೆಲ್ಬರ್ನ್‌ಗೆ ಟ್ರಿಪಲ್ ಆರ್ ಮತ್ತೆ ಪಿಬಿಎಸ್, ಬ್ರಿಸ್ಬೇನ್‌ಗೆ 1975ರಲ್ಲಿ ಶುರುವಾದ ಫೋರ್ ಟ್ರಿಪಲ್ ಝೆಡ್, ಪರ್ತ್‌ಗೆ ಆರ್‌ಟಿಆರ್, ಸಿಡ್ನಿಗೆ ಎಫ್‌ಬಿಐ (ಪೊಲೀಸ್ ಅಲ್ಲ, ರೇಡಿಯೋನೇ). ಈ ಎಫ್‌ಬಿಐ ಅವ್ರ ರೂಲು ಏನಂದ್ರೆ ಹಾಕೋ ಹಾಡಲ್ಲಿ ಅರ್ಧ ಆಸ್ಟ್ರೇಲಿಯಾದ್ದೇ ಇರ್ಬೇಕು, ಅದ್ರಲ್ಲೂ ಅರ್ಧ ಸಿಡ್ನಿಯೋರದ್ದೇ ಆಗ್ಬೇಕು. ಎಲ್ಲಾ ಬ್ರೌಸರಲ್ಲೇ ಓಪನ್ ಆಗತ್ತೆ, ಆಪ್ ಕೂಡ ಬೇಡ.

ಟೈಮ್ ಲೆಕ್ಕ ಮಾತ್ರ ತಿಳ್ಕೊಳಿ. ಮೆಲ್ಬರ್ನ್, ಸಿಡ್ನಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಕ್ಟೋಬರಿಂದ ಏಪ್ರಿಲ್‌ವರೆಗೆ ಐದೂವರೆ. ಬ್ರಿಸ್ಬೇನ್‌ನಲ್ಲಿ ಗಡಿಯಾರ ಮುಟ್ಟಲ್ಲ, ವರ್ಷವೆಲ್ಲ ನಾಲ್ಕೂವರೆನೇ. ಪರ್ತ್ ಬರೀ ಎರಡೂವರೆ. ಅಂದ್ರೆ ಅಲ್ಲಿ ಸಂಜೆ ಏಳರ ಪ್ರೋಗ್ರಾಂ ನಮಗೆ ಮಧ್ಯಾಹ್ನ ಊಟ ಆದ್ಮೇಲೆ ಬರತ್ತೆ, ಪರ್ತ್‌ದಾದ್ರೆ ನಾಲ್ಕೂವರೆಗೆ, ಕರೆಕ್ಟಾಗಿ ಕಾಫಿ ಟೈಮಿಗೆ. ನನಗಂತೂ ಪರ್ತ್ ರೇಡಿಯೋ ಹಾಕ್ಕೊಂಡೇ ಕಾಫಿ ಕುಡಿಯೋ ಅಭ್ಯಾಸ ಆಗೋಗಿದೆ. ನಿರೂಪಕರು ಹೇಳೋ ಬ್ಯಾಂಡ್ ಹೆಸರು ಆ ಉಚ್ಚಾರಣೇಲಿ ಒಂದಕ್ಷರ ಅರ್ಥ ಆಗಲ್ಲ, ತಲೆ ಕೆಡಿಸ್ಕೋಬೇಡಿ. ಟ್ರಿಪಲ್ ಆರ್ ಥರದ ಸ್ಟೇಷನ್ ವೆಬ್‌ಸೈಟಲ್ಲಿ ಆಯಾ ಪ್ರೋಗ್ರಾಂ ಪೇಜಲ್ಲೇ ಹಾಕಿದ ಹಾಡಿನ ಲಿಸ್ಟು ಬರ್ದಿರ್ತಾರೆ, ಅಲ್ಲಿಂದ ಕಾಪಿ ಹೊಡ್ಕೊಂಡ್ರೆ ಆಯ್ತು.

ತೀರಾ ಹೊಸ ಹಾಡು, ನಿನ್ನೆ ಮೊನ್ನೆ ರೂಮಲ್ಲಿ ಕೂತು ರೆಕಾರ್ಡ್ ಮಾಡಿದ್ದು ಬೇಕು ಅಂದ್ರೆ ಟ್ರಿಪಲ್ ಜೆ ಅನ್‌ಅರ್ಥ್ಡ್. ನಮ್ ಹಾಸನ ಆಕಾಶವಾಣಿ ಥರ ಟ್ರಿಪಲ್ ಜೆ ಅಲ್ಲಿನ ಸರ್ಕಾರದ ದುಡ್ಡಲ್ಲಿ ನಡ್ಯೋ ರೇಡಿಯೋ, ಆದ್ರೆ ಪೂರ್ತಿ ಹುಡುಗ ಹುಡುಗೀರಿಗೆ. 1995ರಲ್ಲಿ ಸಣ್ಣ ಊರಿನ ಬ್ಯಾಂಡುಗಳನ್ನ ಹುಡುಕೋಕೆ ಅಂತ ಈ ಅನ್‌ಅರ್ಥ್ಡ್ ಸ್ಪರ್ಧೆ ಶುರು ಮಾಡಿದ್ರು, ಮೊದಲ ಸಲ ಗೆದ್ದಿದ್ದು ಲಿಸ್ಮೋರ್ ಅನ್ನೋ ಊರಿನ ಗ್ರಿನ್‌ಸ್ಪೂನ್. ಈಗ ಸೈಟಲ್ಲಿ ಯಾವ ಬ್ಯಾಂಡ್ ಆದ್ರೂ ತಾವೇ ಹಾಡು ಹಾಕ್ಬೋದು, ರೇಡಿಯೋದವ್ರು ಕೇಳಿ ಸ್ಟಾರ್ ಕೊಟ್ಟು ಎರಡು ಲೈನ್ ಬರೀತಾರೆ. ಸ್ಟಾರ್ ನೋಡ್ಬೇಡಿ, ಎಲ್ಲಾರಿಗೂ ಧಾರಾಳವಾಗೇ ಕೊಡ್ತಾರೆ ಅನ್ನಿಸತ್ತೆ ನಂಗೆ. ಆ ಎರಡು ಲೈನ್ ಓದಿ, ಯಾರ ಥರ ಇದೆ ಅಂತ ಗೊತ್ತಾಗತ್ತೆ. ಹತ್ತರಲ್ಲಿ ಎಂಟು ಸುಮಾರಾಗೇ ಇರತ್ತೆ, ಅದಕ್ಕೆ ರೆಡಿಯಾಗೇ ಕೂತ್ಕೊಳಿ.

ಇದೇ ಟ್ರಿಪಲ್ ಜೆ ಜನವರಿ ಕೊನೇಲಿ ಜನರ ಓಟಿನ ಮೇಲೆ ಹಾಟೆಸ್ಟ್ 100 ಅಂತ ನಡ್ಸತ್ತೆ, ಅಲ್ಲಿ ಮಧ್ಯಾಹ್ನ 12 ಅಂದ್ರೆ ನಮಗೆ ಬೆಳಿಗ್ಗೆ ಆರೂವರೆ. ಕೇಳೋಕೆ ಖುಷಿ, ಆದ್ರೆ ಹೊರದೇಶದ ದೊಡ್ಡ ಹೆಸರುಗಳೂ ಬರೋದ್ರಿಂದ ಹೊಸ ಬ್ಯಾಂಡ್ ಹುಡುಕೋಕೆ ಅಷ್ಟು ಉಪಯೋಗ ಇಲ್ಲ. ಅದಕ್ಕಿಂತ ಸೆಪ್ಟೆಂಬರಲ್ಲಿ ಬ್ರಿಸ್ಬೇನ್‌ನಲ್ಲಿ ಬಿಗ್‌ಸೌಂಡ್ ಅಂತ ಹೊಸ ಬ್ಯಾಂಡುಗಳ ಮೇಳ ಆಗತ್ತಲ್ಲ, ಅದ್ರ ಬ್ಯಾಂಡ್ ಪಟ್ಟಿ ತಗೊಂಡು ದಿನಕ್ಕೆ ಐದೈದು ಕೇಳಿ.

ಇಂಗ್ಲಿಷ್ ಪದ ಅರ್ಥ ಆಗಲ್ಲ ಅನ್ನೋರಿಗೆ ಕಿಂಗ್ ಸ್ಟಿಂಗ್‌ರೇ ಕೇಳಿ ಅಂತೀನಿ. ಉತ್ತರದ ಆರ್ನೆಮ್ ಲ್ಯಾಂಡ್ ಕಡೆಯವ್ರು, ಅಲ್ಲಿನ ಮೂಲನಿವಾಸಿ ಯೊಲ್ಂಗು ಜನರ ಭಾಷೆಯನ್ನ ಇಂಗ್ಲಿಷ್ ಜೊತೆ ಸೇರಿಸಿ ಹಾಡ್ತಾರೆ, ಜೊತೆಗೆ ಯಿಡಾಕಿ ಅನ್ನೋ ಉದ್ದನೆ ಕೊಳವೆ ವಾದ್ಯ. ಯಾರ ಪೈಕಿ ಅಂತ ಇಲ್ಲೂ ಕೇಳ್ಬೋದು, 90ರ ದಶಕದಲ್ಲಿ ಹೆಸರು ಮಾಡಿದ ಯೋತು ಯಿಂಡಿ ಬ್ಯಾಂಡಿನ ಮನೆತನದವ್ರು, ಗಿಟಾರ್ ನುಡಿಸೋ ರಾಯ್ ಕೆಲ್ಲವೇ ಅನ್ನೋರು ಆ ಬ್ಯಾಂಡಿನ ಬೇಸ್ ಗಿಟಾರಿಸ್ಟ್ ಮಗ.

ಅಂದಹಾಗೆ ಮೆಲ್ಬರ್ನ್‌ನಲ್ಲಿ ಓದ್ತಿರೋ ನಮ್ ಅತ್ತೆ ಮಗನ್ನ ಕೇಳಿದ್ದೆ, ಅಲ್ಲೇ ಇದೀಯಲ್ಲ ಒಳ್ಳೇ ಬ್ಯಾಂಡ್ ಹೇಳೋ ಅಂತ. ಅವ್ನು ಅಲ್ಲೂ ಕೂತು ರಾಜ್‌ಕುಮಾರ್ ಹಾಡೇ ಕೇಳ್ತಿದಾನೆ. ಜನ ಗೊತ್ತಿದ್ರೆ ಸಾಲದು.

ಸಿಕ್ಕಿದ್ದನ್ನ ಇಟ್ಕೊಳೋಕೆ, ಬ್ಯಾಂಡುಗಳು ನೇರವಾಗಿ ಹಾಡು ಮಾರೋ ಸೈಟು ಬ್ಯಾಂಡ್‌ಕ್ಯಾಂಪ್ ಬೆಸ್ಟು. ಅಲ್ಲಿ ಊರಿನ ಹೆಸರು ಹಾಕಿ ಹೊಸದು ಮೊದ್ಲು ಬರೋ ಹಂಗೆ ನೋಡ್ಬೋದು, ಬ್ಯಾಂಡನ್ನೂ ಲೇಬಲ್ಲನ್ನೂ ಫಾಲೋ ಮಾಡಿದ್ರೆ ಹೊಸ ಹಾಡು ಬಂದಾಗ ಮೇಲ್ ಬರತ್ತೆ. ಎಷ್ಟೋ ಹಾಡಿಗೆ ನಿಮಗೆ ತೋಚಿದಷ್ಟು ಕೊಡಿ ಅಂತಾನೇ ಇರತ್ತೆ. ಕಾರ್ಡಲ್ಲಿ ಕೊಡೋದಾದ್ರೆ ಬ್ಯಾಂಕ್ ಆಪಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಿ, ನಾನು ಅದು ಗೊತ್ತಿಲ್ದೆ ಮೂರು ಸಲ ಫೇಲ್ ಮಾಡ್ಕೊಂಡೆ. ಕೊಂಡಿದ್ದನ್ನ ಮನೇಲೇ ವೈಫೈ ಇರೋವಾಗ ಫೋನಿಗೆ ಇಳಿಸ್ಕೊಳಿ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದ್ರೆ ನೆಟ್‌ವರ್ಕ್ ಕೈ ಕೊಡತ್ತೆ, ಮರ್ಲಾಕ್ಸ್ ಕೇಳೋಕೆ ಅಷ್ಟು ಒಳ್ಳೇ ರೋಡು ಬೇರೆ ಇಲ್ಲ.