ಮೂರು ಸಲ ನೆಲ ಒರೆಸಿದ ಮೇಲೆ ಸಿಕ್ಕ ಎಟಿಒ

ನಮ್ಮ ಮನೆ ವಿಜಯಪುರದ ಜಲನಗರದಲ್ಲಿ. ಹೆಸರಿಗೆ ಜಲನಗರ. ಏಪ್ರಿಲ್‌ನಲ್ಲಿ ಒದ್ದೆ ಬಟ್ಟೆ ಹರವಿ ಒಳಗೆ ಬಂದು ಚಹಾ ಕುಡಿದು ಹೊರಗೆ ಹೋದರೆ ಅರ್ಧ ಒಣಗಿರುತ್ತದೆ. ಇಂಥ ಗಾಳಿಯಲ್ಲಿ ನಾನು ಮೂರು ಅಡಿಯ ಮೀನಿನ ತೊಟ್ಟಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಗಿಡ, ರಾಸ್ಬೋರಾ ಮೀನು, ಚೆರ್ರಿ ಸೀಗಡಿ ಇವೆ. ಬೇಸಿಗೆಯಲ್ಲಿ ನೀರು 32 ಡಿಗ್ರಿ ದಾಟಬಾರದೆಂದು ತೊಟ್ಟಿಯ ಮೇಲೆ ಎರಡು ಪುಟ್ಟ ಫ್ಯಾನ್ ಕೂರಿಸಿದ್ದೇನೆ. ಮಡಕೆಯ ನೀರು ತಣ್ಣಗಾಗುವ ಹಾಗೆಯೇ ಇದು. ನೀರು ಆವಿಯಾದಂತೆ ಶಾಖವೂ ಹೋಗುತ್ತದೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರೂ ಹೋಗುತ್ತದಲ್ವಾ?

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಜಮಖಂಡಿಗೆ ಮದುವೆಗೆ ಹೋಗಿ ಐದು ದಿನ ಬಿಟ್ಟು ಬಂದೆವು. ಬಾಗಿಲು ತೆಗೆದರೆ ನಡುಮನೆಯಲ್ಲಿ ಗುರ್ ಗುರ್ ಸದ್ದು. ನೀರು ಹೆಚ್ಚುಕಡಿಮೆ ಐದು ಸೆಂಟಿಮೀಟರ್ ಇಳಿದಿತ್ತು. ತೊಟ್ಟಿಯ ಅಂಚಿಗೆ ನೇತುಹಾಕಿದ ಫಿಲ್ಟರ್ ನೀರಿನ ಬದಲು ಗಾಳಿ ಎಳೆಯುತ್ತಿತ್ತು, ಎರಡು ದಿನದಲ್ಲಿ ಅದರ ಮೋಟರ್ ಹೋಯಿತು. ಅದಕ್ಕಿಂತ ದೊಡ್ಡ ತಪ್ಪು ನಾನು ಆಮೇಲೆ ಮಾಡಿದ್ದು. ಗಾಬರಿಯಲ್ಲಿ ಬೋರಿನ ನೀರನ್ನೇ ಕೊಡದಲ್ಲಿ ತಂದು ಸುರಿದುಬಿಟ್ಟೆ. ಮರುದಿನ ಬೆಳಿಗ್ಗೆ ಏಳೆಂಟು ಸೀಗಡಿ ಸತ್ತು ಬಿದ್ದಿದ್ದವು.

ಆಗಲೇ ಕೂತು ಲೆಕ್ಕ ಹಾಕಿದೆ. ಈ ಲೆಕ್ಕ ಹಾಕದೆ ಯಾರೂ ಎಟಿಒ ಕೊಳ್ಳಲು ಹೋಗಬೇಡಿ. ಎಟಿಒ ಅಂದರೆ ಆಟೋ ಟಾಪ್ ಆಫ್, ಆವಿಯಾದಷ್ಟು ನೀರನ್ನು ತಾನೇ ತುಂಬುವ ಸಾಧನ. ನನ್ನ ತೊಟ್ಟಿ 36 ಇಂಚು ಉದ್ದ, 15 ಇಂಚು ಅಗಲ. ಒಂದು ಚದರ ಮೀಟರ್ ನೀರಿನ ಮೈ ಒಂದು ಮಿಲಿಮೀಟರ್ ಇಳಿದರೆ ಒಂದು ಲೀಟರ್. ನನ್ನದು ಸುಮಾರು 0.35 ಚದರ ಮೀಟರ್. ಹಾಗಾಗಿ ಒಂದು ಸೆಂಟಿಮೀಟರ್ ಇಳಿದರೆ ಮೂರೂವರೆ ಲೀಟರ್ ಹೋಯಿತು ಅಂತ. ಗಾಜಿಗೆ ಕಾಗದದ ಟೇಪ್ ಅಂಟಿಸಿ, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಗೆರೆ ಎಳೆದೆ. ಫ್ಯಾನ್ ಓಡುವಾಗ ದಿನಕ್ಕೆ ಒಂದು ಸೆಂಟಿಮೀಟರ್. ಫ್ಯಾನ್ ಇಲ್ಲದಿದ್ದರೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮಳೆಗಾಲದಲ್ಲಿ ಎರಡು ಮೂರು ಮಿಲಿಮೀಟರ್.

ಇನ್ನು ಯಾವ ನೀರು ಅನ್ನುವ ಲೆಕ್ಕ. ಆವಿಯಾಗಿ ಹೋಗುವುದು ಬರೀ ನೀರು. ಸುಣ್ಣ, ಉಪ್ಪು ಎಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ನಮ್ಮ ಬೋರಿನ ನೀರಿನ ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಸುಣ್ಣ, ಉಪ್ಪಿನ ಒಟ್ಟು ಅಳತೆ, 800ರ ಆಸುಪಾಸು. ತೊಟ್ಟಿಯಲ್ಲಿರುವುದು 130 ಲೀಟರ್, ಅದರ ಟಿಡಿಎಸ್ 250. ದಿನಾ ಮೂರೂವರೆ ಲೀಟರ್ ಬೋರಿನ ನೀರು ಸೇರಿಸಿದರೆ ದಿನಕ್ಕೆ 21ರಷ್ಟು ಏರುತ್ತದೆ. ವಾರಕ್ಕೆ 150. ಅಂದರೆ ಎಟಿಒ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ, ಅದಕ್ಕೆ ಬೋರಿನ ನೀರು ಕೊಟ್ಟರೆ ತೊಟ್ಟಿಯನ್ನು ಅದು ದಿನಾ ಚೂರು ಚೂರೇ ಸವಳು ಮಾಡುತ್ತಿರುತ್ತದೆ. ಹಾಗಾಗಿ ಆರ್‌ಓ ನೀರು, ಅಂದರೆ ಸುಣ್ಣ, ಉಪ್ಪು ಬಹುಪಾಲು ಸೋಸಿ ತೆಗೆದ ನೀರು. ಇದರಲ್ಲೂ ಒಂದು ಮಾತು. ಅಡುಗೆಮನೆಯ ಆರ್‌ಓ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಸೋಸದ ನೀರನ್ನೇ ಬೆರೆಸುವ ಒಂದು ತಿರುಪು ಇರುತ್ತದೆ. ನಮ್ಮದರಲ್ಲಿ ನೀರು 110 ತೋರಿಸುತ್ತಿತ್ತು. ತಿರುಪು ಬಿಗಿ ಮಾಡಿಸಿದ ಮೇಲೆ 40ಕ್ಕೆ ಇಳಿಯಿತು.

ಅವ್ವ ಸುಮ್ಮನೆ ಬಿಡುತ್ತಾಳಾ? "ಮಂದಿಗೆ ಕುಡ್ಯಾಕ ನೀರಿಲ್ಲ, ನಿನ್ನ ಮೀನಿಗೆ ಫಿಲ್ಟರ್ ನೀರು ಬೇಕೇನೋ ತಮ್ಮಾ?" ಎಂದಳು. ಉತ್ತರ ಇರಲಿಲ್ಲ. ಆರ್‌ಓ ಹೊರಹಾಕುವ ನೀರನ್ನೆಲ್ಲ ಬಕೆಟ್‌ನಲ್ಲಿ ಹಿಡಿದು ಅಂಗಳ ತೊಳೆಯಲು ಕೊಡುತ್ತೇನೆ ಎಂದು ಒಪ್ಪಿಸಿದೆ. ಕೂಲರ್‌ಗೆ ಹಾಕಬೇಡಿ. ಒಂದು ಬೇಸಿಗೆಯಲ್ಲೇ ಹುಲ್ಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ.

ಈಗ ಸಾಧನಕ್ಕೆ ಬರುತ್ತೇನೆ.

ಮೊದಲು ಮಾಡಿದ್ದು ಬಾಟಲಿ. ಎರಡು ಲೀಟರ್ ಬಾಟಲಿಗೆ ನೀರು ತುಂಬಿ, ಬಾಯಿ ಸರಿಯಾಗಿ ನೀರಿನ ಮಟ್ಟಕ್ಕೆ ಬರುವ ಹಾಗೆ ತಲೆಕೆಳಗಾಗಿ ಕಟ್ಟುವುದು. ಕೋಳಿಗೆ ನೀರಿಡುವ ಡಬ್ಬಿ ನೋಡಿದ್ದೀರಲ್ಲ, ಅದೇ. ಮಟ್ಟ ಇಳಿದಾಗ ಬಾಯಿಂದ ಗಾಳಿ ಒಳಗೆ ಹೋಗುತ್ತದೆ, ಅಷ್ಟು ನೀರು ಕೆಳಗೆ ಬರುತ್ತದೆ. ಕರೆಂಟ್ ಬೇಡ, ಖರ್ಚಿಲ್ಲ. ಮೇಜಿನ ಮೇಲಿನ ಪುಟ್ಟ ತೊಟ್ಟಿಗೆ ಇದೇ ಸಾಕು. ನನಗೆ ಎರಡು ಲೀಟರ್ ಒಂದು ದಿನಕ್ಕೂ ಸಾಲಲಿಲ್ಲ. ಮಧ್ಯಾಹ್ನದ ಬಿಸಿಗೆ ಬಾಟಲಿಯೊಳಗಿನ ಗಾಳಿ ಹಿಗ್ಗಿ ಬೇಡವಾದಾಗಲೂ ನೀರು ತಳ್ಳುತ್ತಿತ್ತು.

ಆಮೇಲೆ ಫ್ಲೋಟ್ ವಾಲ್ವ್. ಕೂಲರ್‌ನಲ್ಲಿರುವ ಚೆಂಡಿನ ವಾಲ್ವ್ ನೋಡಿ ಇದು ಹೊಳೆಯಿತು. ಅದು ದೊಡ್ಡದಾಯಿತು, ಆದ್ದರಿಂದ ಗಾಂಧಿ ಚೌಕದ ಹತ್ತಿರ ಆರ್‌ಓ ಬಿಡಿಭಾಗ ಮಾರುವ ಕಡೆ ಸಣ್ಣ ಪೈಪಿನದು ತಂದೆ. ಇಪ್ಪತ್ತು ಲೀಟರ್ ಕ್ಯಾನ್ ಕಪಾಟಿನ ಮೇಲೆ, ವಾಲ್ವ್ ತೊಟ್ಟಿಯಲ್ಲಿ. ಮೂರು ವಾರ ರಾಜನ ಹಾಗೆ ಇದ್ದೆ. ನಾಲ್ಕನೇ ವಾರ ಒಂದು ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ತಣ್ಣಗೆ. ವಾಲ್ವ್‌ನ ರಬ್ಬರ್ ಬಿಲ್ಲೆಗೆ ಒಂದು ಎಲೆಚೂರು ಸಿಕ್ಕಿಕೊಂಡಿತ್ತು. ಹನಿ ಹನಿಯಾಗಿ ಇಡೀ ಕ್ಯಾನ್ ಇಳಿದಿತ್ತು. ಕ್ಯಾನ್ ಮೇಲಿದ್ದರೆ ನೀರಿಗೆ ಇಳಿಯುವುದೊಂದೇ ಗೊತ್ತು. ತಡೆಯಲು ಆ ಬಿಲ್ಲೆ ಬಿಟ್ಟರೆ ಬೇರೆ ಏನೂ ಇಲ್ಲ. ತೊಟ್ಟಿಯ ಕೆಳಗಿನ ಪ್ಲೈವುಡ್ ಇವತ್ತಿಗೂ ಒಂದು ಮೂಲೆಯಲ್ಲಿ ಉಬ್ಬಿದೆ.

ಆರ್‌ಓ ಪೈಪನ್ನೇ ನೇರವಾಗಿ ತೊಟ್ಟಿಗೆ ಜೋಡಿಸು, ಕ್ಯಾನ್ ತುಂಬುವ ಗೋಜೇ ಇಲ್ಲ ಎಂದು ಗೆಳೆಯನೊಬ್ಬ ಹೇಳಿದ. ಇಪ್ಪತ್ತು ಲೀಟರ್‌ಗೇ ಹೀಗಾದರೆ ಮುಗಿಯದ ನೀರು ಬಂದರೆ ಏನು ಗತಿ? ಅದೂ ಅಲ್ಲದೆ ಆರ್‌ಓ ಐದು ನಿಮಿಷಕ್ಕೊಮ್ಮೆ ಚಾಲೂ ಆಗಿ ನಿಂತರೆ ಪ್ರತಿ ಸಲ ಮೊದಲು ಬರುವ ನೀರು ಜಾಸ್ತಿ ಟಿಡಿಎಸ್‌ನದೇ ಇರುತ್ತದೆ. ನಮ್ಮೂರಿನ ಹಳೇ ಗಂಜ್‌ಗಳು ನೆನಪಾದವು. ಬೇಗಂ ತಾಲಾಬ್ ಅನ್ನುವ ಕೆರೆ 1651ರದು. ಅಲ್ಲಿಂದ ಊರೊಳಗೆ ನೆಲದಡಿಯ ಕೊಳವೆಯಲ್ಲಿ ನೀರು ತರುವಾಗ ಆದಿಲ್‌ಶಾಹಿಯವರು ದಾರಿಯಲ್ಲಿ ಗೋಪುರದಂಥ ಗಂಜ್ ಕಟ್ಟಿಸಿದ್ದರು. ನೀರು ಅದರಲ್ಲಿ ಏರಿ ನಿಂತು, ಒತ್ತಡ ಕಳೆದುಕೊಂಡು, ಕೆಸರು ಕೆಳಗೆ ಬಿಟ್ಟು ಮುಂದೆ ಹೋಗುತ್ತಿತ್ತು. ನನ್ನ ಕ್ಯಾನ್ ನನ್ನ ಗಂಜ್. ಅದನ್ನು ಬಿಡಲಿಲ್ಲ.

ಮೂರನೆಯದು ಫ್ಲೋಟ್ ಸ್ವಿಚ್ ಮತ್ತು 12 ವೋಲ್ಟ್ ಪಂಪ್. ಈ ಸಲ ಕ್ಯಾನ್ ಕೆಳಗೆ, ತೊಟ್ಟಿಯ ಸ್ಟ್ಯಾಂಡ್ ಒಳಗೆ. ಸ್ವಿಚ್‌ನ ತೇಲುವ ಬಿಲ್ಲೆಯಲ್ಲಿ ಅಯಸ್ಕಾಂತ ಇರುತ್ತದೆ, ಕಡ್ಡಿಯೊಳಗೆ ಕೂದಲೆಳೆಯಂಥ ಎರಡು ತಗಡಿನ ಪಟ್ಟಿ. ಬಿಲ್ಲೆ ಇಳಿದರೆ ಪಟ್ಟಿಗಳು ಕೂಡುತ್ತವೆ, ಪಂಪ್ ಓಡುತ್ತದೆ. ಆ ಪಟ್ಟಿಗಳ ಮೂಲಕವೇ ಮೋಟರ್‌ನ ಕರೆಂಟ್ ಹರಿಸಬೇಡಿ. ಕಿಡಿಗೆ ಎರಡೂ ಅಂಟಿಕೊಂಡರೆ ಪಂಪ್ ನಿಲ್ಲುವುದೇ ಇಲ್ಲ. ನಡುವೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್, ಹಾಕಬೇಕು. ನಾನು ಹಾಕಿದ್ದೆ. ಆದರೆ ಬಸವನಹುಳಕ್ಕೆ ರಿಲೇ ಲೆಕ್ಕ ಇಲ್ಲವಲ್ಲ! ಗಿಡದ ಜೊತೆ ಬಂದ ಕಾಳಿನಷ್ಟು ಹುಳವೊಂದು ಬಿಲ್ಲೆಯ ಮೇಲೆ ಕೂತು, ಅದು ಮೇಲೇಳದ ಹಾಗೆ ಒತ್ತಿ ಹಿಡಿದಿತ್ತು. ಪಂಪ್‌ಗೆ ತೊಟ್ಟಿ ಖಾಲಿಯಂತೆಯೇ ಕಂಡಿತು. ಎರಡನೇ ಸಲ ನೆಲ ಒರೆಸಿದೆ. ಈ ಸಲ ಅವ್ವ ಏನೂ ಅನ್ನಲಿಲ್ಲ, ಸುಮ್ನೆ ಒರೆಸುವ ಬಟ್ಟೆ ತಂದು ಕೈಗೆ ಕೊಟ್ಟಳು.

ಬಟ್ಟೆ ಹಿಂಡುತ್ತಾ ಕೂತಾಗ ಒಂದು ವಿಷಯ ತಿಳಿಯಿತು. ಇಷ್ಟು ದಿನ ನಾನು ಕೆಡದ ಸ್ವಿಚ್ ಹುಡುಕುತ್ತಿದ್ದೆ. ಅಂಥದ್ದು ಇಲ್ಲ. ನೋಡಬೇಕಾದದ್ದು ಕೆಟ್ಟಾಗ ಎಷ್ಟು ನೀರು ಹೋಗುತ್ತದೆ ಅನ್ನುವುದನ್ನು. ತೊಟ್ಟಿಯ ನೀರಿನ ಮಟ್ಟವನ್ನು ಅಂಚಿಗಿಂತ ನಾಲ್ಕು ಸೆಂಟಿಮೀಟರ್ ಕೆಳಗೆ ಇಟ್ಟೆ. ಅಲ್ಲಿಗೆ ಮೇಲೆ 14 ಲೀಟರ್ ಜಾಗ ಖಾಲಿ. ಇಪ್ಪತ್ತು ಲೀಟರ್ ಕ್ಯಾನ್ ತೆಗೆದು 12 ಲೀಟರ್ ಡಬ್ಬ ಇಟ್ಟೆ. ಈಗ ಸ್ವಿಚ್ ಕೆಡಲಿ, ಪಂಪ್ ನಿಲ್ಲದಿರಲಿ, ಹುಳ ಕೂರಲಿ, ಡಬ್ಬದ ನೀರೆಲ್ಲ ಮೇಲೆ ಹೋದರೂ ತೊಟ್ಟಿ ತುಂಬಿ ಹೊರಗೆ ಬರುವುದಿಲ್ಲ. ಸಮುದ್ರದ ಮೀನು ಸಾಕುವವರಿಗೆ ಇದು ಇನ್ನೂ ಮುಖ್ಯ. ಅವರ ನೀರಿನ ಉಪ್ಪು ಲೀಟರ್‌ಗೆ 35 ಗ್ರಾಂ ಹತ್ತಿರ ನಿಲ್ಲಬೇಕು. ದೊಡ್ಡ ಡಬ್ಬದ ಸಿಹಿನೀರೆಲ್ಲ ಒಂದೇ ರಾತ್ರಿ ಒಳಗೆ ಹೋದರೆ ನೆಲ ಒದ್ದೆಯಾಗುವುದು ಸಣ್ಣ ನಷ್ಟ.

ಇಷ್ಟಾದ ಮೇಲೆ ಕಣ್ಣಿನ ಸೆನ್ಸರ್ ಇರುವ ಸಿದ್ಧ ಎಟಿಒ ತರಿಸಿದೆ. ಮೂರು ಸಾವಿರ ದಾಟಿತು. ಇದರಲ್ಲಿ ಅಲುಗಾಡುವ ಭಾಗ ಇಲ್ಲ. ಪಾರದರ್ಶಕ ಮೊನೆಯೊಳಗೆ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಮೊನೆ ಗಾಳಿಯಲ್ಲಿದ್ದರೆ ಬೆಳಕು ಒಳಗೇ ಪುಟಿದು ವಾಪಸ್ ಬರುತ್ತದೆ, ನೀರಲ್ಲಿದ್ದರೆ ಹೊರಗೆ ಹೋಗಿಬಿಡುತ್ತದೆ. ಅಷ್ಟರಿಂದಲೇ ಅದಕ್ಕೆ ನೀರು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ನಾನು ನೋಡಿದ್ದು ಮೂರೇ ವಿಷಯ. ಮಟ್ಟ ಮೀರಿದರೆ ಪಂಪ್ ಕಡಿಯಲು ಮೇಲೆ ಬೇರೊಂದು ಫ್ಲೋಟ್ ಇದೆಯೇ. ಪಂಪ್ ಇಷ್ಟು ಹೊತ್ತಿಗಿಂತ ಜಾಸ್ತಿ ಓಡಿದರೆ ತಾನೇ ನಿಂತು ಕೂಗುತ್ತದೆಯೇ. ಸೆನ್ಸರ್ ಹಿಡಿದಿಡುವ ಅಯಸ್ಕಾಂತ ನನ್ನ 8 ಮಿಲಿಮೀಟರ್ ಗಾಜಿಗೆ ಸಾಲುತ್ತದೆಯೇ. ಮೊಬೈಲ್ ಆಪ್ ಇರುವುದಕ್ಕೆ ಎರಡು ಸಾವಿರ ಜಾಸ್ತಿ ಇತ್ತು. ಬಿಟ್ಟೆ. ಜಮಖಂಡಿಯಲ್ಲಿ ಕೂತು ನೀರು ಸೋರುತ್ತಿದೆ ಎಂದು ತಿಳಿದು ನಾನು ಮಾಡುವುದೇನಿದೆ?

ಜೋಡಿಸಿದ ಮೊದಲ ರಾತ್ರಿಯೇ ಮೂರನೇ ಸಲ ನೆಲ ಒರೆಸಿದೆ. ನಗಬೇಡಿ. ಸದ್ದು ಬರಬಾರದೆಂದು ಪೈಪಿನ ತುದಿಯನ್ನು ಎರಡು ಸೆಂಟಿಮೀಟರ್ ನೀರೊಳಗೆ ಮುಳುಗಿಸಿದ್ದೆ. ಪಂಪ್ ನಿಂತ ಕೂಡಲೇ ಅದೇ ಪೈಪಿನಿಂದ ತೊಟ್ಟಿಯ ನೀರು ಕೆಳಗಿನ ಡಬ್ಬಕ್ಕೆ ವಾಪಸ್ ಇಳಿಯತೊಡಗಿತು. ಗಾಡಿಯಿಂದ ಪೆಟ್ರೋಲ್ ಎಳೆಯುವಾಗ ಆಗುತ್ತದಲ್ಲ, ಅದೇ. ತುದಿ ಗಾಳಿಗೆ ಬರುವತನಕ ಏಳು ಲೀಟರ್. ಡಬ್ಬ ಮೊದಲೇ ತುಂಬಿತ್ತು, ಉಕ್ಕಿತು. ಮಟ್ಟ ಇಳಿಯಿತೆಂದು ಸೆನ್ಸರ್ ಮತ್ತೆ ಪಂಪ್ ಓಡಿಸಿತು, ಅದು ಮತ್ತೆ ವಾಪಸ್ ಬಂತು. ನೀರು ಮೇಲೆ ಉಕ್ಕದ ಹಾಗೆ ಎಲ್ಲ ಲೆಕ್ಕ ಹಾಕಿದ್ದ ನಾನು ಕೆಳಗೆ ಉಕ್ಕುವುದನ್ನು ಯೋಚಿಸಿರಲಿಲ್ಲ. ಈಗ ಪೈಪಿನ ತುದಿ ಅಂಚಿಗೆ ಕ್ಲಿಪ್ ಹಾಕಿ ನೀರಿನ ಮೇಲೆಯೇ ನಿಂತಿದೆ. ಜುಳುಜುಳು ಸದ್ದು ಬರುತ್ತದೆ, ಬರಲಿ.

ಕರೆಂಟ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಡಾಪ್ಟರ್ ಇನ್ವರ್ಟರ್ ಲೈನ್‌ನಲ್ಲಿದೆ. ವಯರ್‌ಗಳು ಸಾಕೆಟ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವ ಹಾಗೆ ಬಿಟ್ಟಿದ್ದೇನೆ. ನೀರು ಹರಿದರೂ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ.

12 ಲೀಟರ್ ಡಬ್ಬ ಬೇಸಿಗೆಯಲ್ಲಿ ಮೂರು ದಿನ ಬರುತ್ತದೆ. ಊರಿಗೆ ಹೋಗುವಾಗ ದೊಡ್ಡ ಡಬ್ಬ ಇಡಬೇಕೆಂಬ ಆಸೆ ಆಗುತ್ತದೆ, ಇಡುವುದಿಲ್ಲ. ಅದರ ಬದಲು ತೊಟ್ಟಿಗೆ ಗಾಜಿನ ಮುಚ್ಚಳ ಹಾಕುತ್ತೇನೆ, ದೀಪ ದಿನಕ್ಕೆ ನಾಲ್ಕು ತಾಸಿಗೆ ಇಳಿಸುತ್ತೇನೆ, ಫ್ಯಾನನ್ನು 31 ಡಿಗ್ರಿ ದಾಟಿದರೆ ಮಾತ್ರ ಓಡುವ ಹಾಗೆ ಕಂಟ್ರೋಲರ್‌ಗೆ ಜೋಡಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ಆರು ದಿನ ಬಿಟ್ಟು ಬಂದಾಗ ಡಬ್ಬದಲ್ಲಿ ಇನ್ನೂ ಮೂರು ಲೀಟರ್ ಉಳಿದಿತ್ತು.

ಸೆನ್ಸರ್ ಮೊನೆಗೆ ಪಾಚಿ ಕಟ್ಟಿದರೆ ಅದಕ್ಕೂ ಕಣ್ಣು ಮಂಜು. ಹದಿನೈದು ದಿನಕ್ಕೊಮ್ಮೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜುತ್ತೇನೆ. ಕಿಟಕಿಯ ಬಿಸಿಲು ನೇರ ಬೀಳದ ಮೂಲೆಗೆ ಅದನ್ನು ಸರಿಸಿದ್ದೇನೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಮೊದಮೊದಲು ಸಂಜೆ ನಾಲ್ಕರ ಹೊತ್ತಿಗೆ ಅದು ದಾರಿ ತಪ್ಪುತ್ತಿತ್ತು.

ಒಮ್ಮೆ ಡಬ್ಬ ತುಂಬುವುದು ಮರೆತು ಮಲಗಿದ್ದೆ. ರಾತ್ರಿ ಎರಡು ಗಂಟೆಗೆ ಕೂಗತೊಡಗಿತು. ನಾನು ಏಳುವಷ್ಟರಲ್ಲಿ ಅವ್ವ ಎದ್ದು, ತಂಬಿಗೆಯಲ್ಲಿ ಆರ್‌ಓ ನೀರು ಹಿಡಿದು ಡಬ್ಬದ ಮುಂದೆ ಕೂತಿದ್ದಳು. "ಮೀನಿಗೆ ನೀರಡಿಕಿ ಆಗೇದ ಅಂತ ಕಾಣ್ತದ, ಎಷ್ಟ್ ಹಾಕ್ಲಿ?" ಎಂದು ಕೇಳಿದಳು.