ಕಾಳ್ಗಿಚ್ಚಿನ ಹೊಗೆ ಕವಿದ ದಿನ ಏನು ಮಾಡಬೇಕು?

ಫೆಬ್ರವರಿ ಬಂತೆಂದರೆ ಚಾಮರಾಜನಗರಕ್ಕೆ ಹೊಂದಿಕೊಂಡ ತಮಿಳುನಾಡಿನ ತಾಳವಾಡಿ ಸೀಮೆಯವರಿಗೆ ಕಾಡಿನದೇ ಚಿಂತೆ. ಮರಗಳು ಎಲೆ ಉದುರಿಸಿರುತ್ತವೆ, ಲಂಟಾನ ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನೆನಪಿದೆಯಲ್ಲ? ಬೆಂಕಿ ಅತ್ತ ಬಂಡೀಪುರದಲ್ಲಿರಲಿ, ಇತ್ತ ಸತ್ಯಮಂಗಲದ ಕಾಡಿನಲ್ಲಿರಲಿ, ಗಾಳಿ ತಿರುಗಿದರೆ ಹೊಗೆ ನಮ್ಮ ಅಂಗಳಕ್ಕೇ ಬರುತ್ತದೆ.

ಬೆಳಗ್ಗೆ ಎದ್ದೊಡನೆ ದಿನವೂ ಕಾಣುವ ಗುಡ್ಡ ಕಾಣುತ್ತಿದೆಯೇ ನೋಡಿ. ಮಸುಕಾಗಿದ್ದು ಸುಟ್ಟ ವಾಸನೆಯೂ ಇದ್ದರೆ ಅದು ಮಂಜಲ್ಲ, ಹೊಗೆ. ರಾತ್ರಿ ನೆಲಕ್ಕಂಟಿದ ತಂಪು ಗಾಳಿ ಹೊಗೆಯನ್ನು ಮೇಲೇಳಲು ಬಿಡುವುದಿಲ್ಲ. ಹೀಗಾಗಿ ಬೆಳಗಿನ ಹೊತ್ತು ತಗ್ಗಿನ ಊರುಗಳಲ್ಲಿ ಅದು ದಟ್ಟವಾಗಿರುತ್ತದೆ. ಆಗ ವಾಕಿಂಗ್ ಬೇಡ, ಮಕ್ಕಳ ಆಟವೂ ಬೇಡ.

ಬಳಿಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ತೆರೆಯಿರಿ. ವಾಯು ಗುಣಮಟ್ಟ ಸೂಚ್ಯಂಕ 200 ದಾಟಿದರೆ ಗಾಳಿ ‘ಕಳಪೆ’ ಎಂದರ್ಥ. ಆದರೆ ಅದರಲ್ಲಿ ಕಾಣುವ ಚಾಮರಾಜನಗರದ ಅಂಕಿ ಚಾಮರಾಜನಗರದ್ದೇ, ನಮ್ಮೂರಿನದಲ್ಲ; ನಿಮ್ಮ ಕಣ್ಣು ಮೂಗು ಬೇರೆ ಹೇಳಿದರೆ ಅವನ್ನೇ ನಂಬಿ.

ಮಧ್ಯಾಹ್ನ ಹೊಗೆ ತಿಳಿಯಾದಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಎಚ್ಚರ ಬೇಕಾದದ್ದು ಇಲ್ಲಿಯೇ. ಹೊಗೆಯಲ್ಲಿರುವ ಸಾವಯವ ಆವಿಗಳೂ ನೈಟ್ರೋಜನ್ ಆಕ್ಸೈಡ್‌ಗಳೂ ಬಿಸಿಲಿಗೆ ಬಿದ್ದು ಓಝೋನ್ ಆಗುತ್ತವೆ. ನೈಟ್ರೋಜನ್ ಆಕ್ಸೈಡ್ ವಾಹನಗಳಿಂದಲೂ ಸೇರುತ್ತದೆ. ದಟ್ಟ ಹೊಗೆ ಬಿಸಿಲನ್ನು ತಡೆಯುವುದರಿಂದ ಬೆಂಕಿಯ ಬಳಿಗಿಂತ ಗಾಳಿ ಸಾಗುವ ದಿಕ್ಕಿನ ದೂರದ ಊರುಗಳಲ್ಲಿ ಓಝೋನ್ ಹೆಚ್ಚಾಗುವುದುಂಟು. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಅದೇ ಅನಿಲ ನೆಲಮಟ್ಟದಲ್ಲಿ ಶ್ವಾಸಕೋಶವನ್ನು ಕೆರಳಿಸುತ್ತದೆ. ಕಣ್ಣಿಗೆ ಕಾಣದು. ಆದ್ದರಿಂದ ಕೋಸು, ಟೊಮೆಟೊ ಹೊಲದ ಶ್ರಮದ ಕೆಲಸವನ್ನು ಬೆಳಗಿನ ಹೊಗೆ ಚದುರಿದ ಮೇಲೆ ಶುರು ಮಾಡಿ, ಬಿಸಿಲೇರುವ ಮುನ್ನ ಮುಗಿಸಿ. ಉಳಿದದ್ದು ಸಂಜೆಗಿರಲಿ.

ಹೊರಗೆ ಹೋಗಲೇಬೇಕೆಂದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಧರಿಸಿ. ಒದ್ದೆ ಟವೆಲ್ ಹೊಗೆಯಲ್ಲಿನ 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಣಗಳನ್ನು ಸರಿಯಾಗಿ ತಡೆಯದು. ಓಝೋನ್ ಮುಂದೆ ಎನ್-95ರ ಆಟವೂ ನಡೆಯದು. ಅದಕ್ಕೆ ಮನೆಯೊಳಗಿರುವುದೇ ದಾರಿ.

ಮನೆಯಲ್ಲಿ ಒಂದು ಕೋಣೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಹಿರಿಯರನ್ನೂ ಕೂಸುಗಳನ್ನೂ ಅಲ್ಲಿರಿಸಿ. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ದಿನ ಊದುಬತ್ತಿ, ಸೌದೆ ಒಲೆ ಎರಡೂ ಬೇಡ. ಉಬ್ಬಸದವರ ಇನ್‌ಹೇಲರ್ ಕೈಗೆಟುಕುವಂತಿರಲಿ. ಎದೆ ಬಿಗಿದು ಮಾತಾಡಲೂ ಉಸಿರು ಸಾಲದಾದರೆ ಕಾಯುತ್ತ ಕೂರದೆ 108ಕ್ಕೆ ಕರೆ ಮಾಡಿ.