ಹಿಪ್ಪುನೇರಳೆ ಕಡ್ಡಿ ತರುವ ಮೊದಲು

ಮೊನ್ನೆ ತಂಗಿ ಮಗನ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಆಳೆತ್ತರದ ಹಿಪ್ಪುನೇರಳೆ. "ಎರಡು ವರ್ಷದಿಂದ ಗೊಬ್ಬರ ಹಾಕ್ತಿದೀನಿ ದೊಡ್ಡಮ್ಮ, ಒಂದು ಹಣ್ಣೂ ಇಲ್ಲ" ಅಂದ. ಕೊಂಬೆ ಬಗ್ಗಿಸಿ ನೋಡಿದೆ. ಹಳದಿ ಪುಡಿ ಉದುರಿಸುವ ಜೋಲು ಹೂವು, ಬರೀ ಅದೇ. ಗಂಡು ಗಿಡ! ಗೊಬ್ಬರ ಹಾಕಿದರೆ ಏನು ಬಂತು? ಬುಟ್ಟಿಗೆ ಅಂಟಿಸಿದ ಹಣ್ಣಿನ ಚಿತ್ರ ನೋಡಿ ತಂದನಂತೆ. ಚಿತ್ರ ನೋಡಿ ಗಿಡ ತರುತ್ತಾರಾ?

ನಾನು ಹುಟ್ಟಿದ್ದು ಚನ್ನಪಟ್ಟಣದ ಕಡೆ, ರೇಷ್ಮೆ ಹುಳ ಮೇಯಿಸುವ ಮನೆಯಲ್ಲಿ. ಶಾಲೆಯಿಂದ ಬಂದ ತಕ್ಷಣ ಸೊಪ್ಪು ಕೊಯ್ಯುವುದೇ ಕೆಲಸ. ಮೊದಲು ನಾಟಿ ಕಡ್ಡಿ, ಆಮೇಲೆ ಎಂ-5. ಅದಕ್ಕೆ ಕಣ್ವ-2 ಅಂತಲೂ ಹೆಸರು, ನಮ್ಮೂರ ಕಡೆಯ ಕಣ್ವದ ಸರ್ಕಾರಿ ರೇಷ್ಮೆ ಫಾರಂನಲ್ಲೇ ಆರಿಸಿದ ತಳಿ. 1997ರಲ್ಲಿ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ವಿ-1 ಬಂತು, ಅಂಗೈಗಿಂತ ಅಗಲದ ಎಲೆ. ಇವೆಲ್ಲ ಸೊಪ್ಪಿಗಾಗಿ ಮಾಡಿದ್ದು. ಈಗಿನವರು ಹೆಸರು ಕೇಳಿ ವಿ-1 ಕಡ್ಡಿ ತಂದು ಹಿತ್ತಲಲ್ಲಿ ನೆಡುತ್ತಾರೆ. ನಿಮ್ಮ ಮನೆಯಲ್ಲಿ ಹುಳ ಇದೆಯಾ? ಇಲ್ಲ ಅಲ್ವಾ? ಹಾಗಾದರೆ ಹಣ್ಣು ನೋಡಿ ಆರಿಸಿ.

ಯಜಮಾನರಿಗೆ ಮಂಗಳೂರಿಗೆ ವರ್ಗವಾಗಿ ಘಟ್ಟ ಇಳಿದ ಮೇಲೆ ನನಗೂ ಹೊಸ ಪಾಠವಾಯಿತು. ಇಲ್ಲಿ ಸೆಕೆಯೂ ಜಾಸ್ತಿ, ತೇವವೂ ಜಾಸ್ತಿ. ಎಲೆ ಒತ್ತಾಗಿ ಗಾಳಿ ಆಡದಿದ್ದರೆ ಬೂದಿ ರೋಗ, ಎಲೆಚುಕ್ಕೆ ಬಿಡುವುದಿಲ್ಲ. ಮುರಕಲ್ಲಿನ ಗುಂಡಿಯಲ್ಲಿ ನೀರು ನಿಂತರೆ ಬೇರೇ ಕೊಳೆಯುತ್ತದೆ, ಹಾಗಾಗಿ ದಿಣ್ಣೆ ಮಾಡಿಯೇ ನೆಡಬೇಕು. ಇಂಥ ಹವೆಗೆ ಸಣ್ಣ ಕಪ್ಪು ಹಣ್ಣಿನ ನಾಟಿ ಗಿಡವೇ ನನ್ನ ಮೊದಲ ಆಯ್ಕೆ. ಹುಳಿ-ಸಿಹಿ ಎರಡೂ ಇರುತ್ತದೆ, ಸವರಿದಾಗೆಲ್ಲ ಹೊಸ ಚಿಗುರಿನ ಜೊತೆಗೇ ಕಾಯಿ ಬರುತ್ತದೆ. ಆದರೆ ಮಳೆಗಾಲದಲ್ಲಿ ಹಣ್ಣು ಬರುವ ಹಾಗೆ ಸವರಬೇಡಿ, ಸಪ್ಪೆಯಾಗುತ್ತದೆ. ದೀಪಾವಳಿ ಕಳೆದ ಮೇಲೆ ಸವರಿ, ಉಳಿದ ಎಲೆ ಕಿತ್ತುಬಿಡಿ.

ಜಾಗ ಇದ್ದರೆ ಎರಡನೆಯದಾಗಿ ಬೆರಳುದ್ದ ಹಣ್ಣಿನದು ಹಾಕಿ. ಅದರಲ್ಲಿ ಬಿಳಿ-ಹಸಿರು ಬಣ್ಣದ್ದು ಹುಳಿಯೇ ಇಲ್ಲದೆ ಬರೀ ಸಿಹಿ, ಮಕ್ಕಳಿಗೆ ಇಷ್ಟ. ಕಾಶ್ಮೀರದ ಶಹತೂತ್ ಅಂತ ಯಾರಾದರೂ ಮಾರಿದರೆ ಬೇಡ ಅನ್ನಿ. ಅಲ್ಲಿನ ಅಸಲಿ ಕರಿ ಜಾತಿ ನಮ್ಮ ಕಪ್ಪು ಹಣ್ಣಿನ ನಾಟಿ ಗಿಡವಲ್ಲ, ಅದಕ್ಕೆ ಚಳಿ ಬೇಕು, ನಮ್ಮ ಸೆಕೆಗೆ ಸೊರಗುತ್ತದೆ.

ಕಪ್ಪು ಹಣ್ಣಿನ ಗಿಡವನ್ನು ಬಟ್ಟೆ ಒಣಹಾಕುವ ತಂತಿಯ ಹತ್ತಿರ ನೆಡಬೇಡಿ. ಹಕ್ಕಿ ಬಂದು ಕೂತರೆ ಬಿಳಿ ಪಂಚೆಯ ಗತಿ ಮುಗಿಯಿತು. ಕಲೆ ಆದಾಗ ನನ್ನ ಸೊಸೆ ನೇರ ಸೋಪು ತಿಕ್ಕುತ್ತಾಳೆ, ಕಲೆ ನೀಲಿಯಾಗಿ ಕೂತುಬಿಡುತ್ತದೆ. ಮೊದಲು ನಿಂಬೆಹುಳಿ ಹಿಂಡಿ, ತಣ್ಣೀರಲ್ಲಿ ಹಿಂಡಿ ತೆಗೆದು, ಆಮೇಲೆ ಸೋಪು. ಎಷ್ಟು ಸಲ ಹೇಳುವುದು?

ಈಗ ಮುಖ್ಯ ಮಾತು. ಬೀಜದ ಗಿಡ ಬೇಡವೇ ಬೇಡ, ಗಂಡೋ ಹೆಣ್ಣೋ ಹೇಳಲಾಗುವುದಿಲ್ಲ. ನಿಮ್ಮ ಊರಲ್ಲೇ, ನಿಮ್ಮದೇ ಹವೆಯಲ್ಲಿ ಹಣ್ಣು ಬಿಡುತ್ತಿರುವ ಮರ ಹುಡುಕಿ. ಹಣ್ಣು ಬಾಯಿಗೆ ಹಾಕಿ ನೋಡಿ. ರುಚಿ ಹಿಡಿಸಿದರೆ ಆ ಕೊಂಬೆಗೇ ದಾರ ಕಟ್ಟಿ ಬನ್ನಿ, ಸವರುವ ಹೊತ್ತಿಗೆ ಅದರದೇ ಕಡ್ಡಿ ತನ್ನಿ. ಅಪ್ಪ ಹಾಗೇ ಮಾಡುತ್ತಿದ್ದರು, ನಾನೂ ಇವತ್ತಿಗೂ ಹಾಗೇ.

ಹಸಿರು ತುದಿ ಬೇಡ, ಬುಡದ ಬೂದು ಬಣ್ಣದ ಮುದಿ ಕಟ್ಟಿಗೆಯೂ ಬೇಡ. ನಡುವಿನ ಭಾಗ, ಪೆನ್ಸಿಲ್ಲಿಗಿಂತ ಸ್ವಲ್ಪ ದಪ್ಪ, ಸಿಪ್ಪೆ ಕಂದು ತಿರುಗಿ ಬಿಳಿ ಚುಕ್ಕೆ ಕಾಣಬೇಕು. ಉಗುರಿನಿಂದ ಗೀರಿದರೆ ಒಳಗೆ ಹಸಿರು ಹೊಳೆಯಬೇಕು. ಕಣ್ಣು, ಅಂದರೆ ಚಿಗುರು ಹೊರಡುವ ಮೊಗ್ಗು, ಉಬ್ಬಿರಬೇಕು, ಒಡೆದಿರಬಾರದು. ಮೂರು ನಾಲ್ಕು ಕಣ್ಣಿನ ತುಂಡು ಸಾಕು. ಕೆಳಗೆ ಕಣ್ಣಿನ ಬುಡಕ್ಕೇ ಓರೆಯಾಗಿ, ಹರಿತವಾದ ಕತ್ತಿಯಲ್ಲಿ ಒಂದೇ ಏಟು. ಎರಡನೇ ಏಟು ಬಿತ್ತೆಂದರೆ ಸಿಪ್ಪೆ ಜಜ್ಜುತ್ತದೆ, ಆ ಕಡ್ಡಿ ಒಲೆಗೆ. ಮೇಲೆ ನೇರ ಕೊಯ್ದು ಸಗಣಿ ಮೆತ್ತಿ. ಒದ್ದೆ ಗೋಣಿಯಲ್ಲಿ ಸುತ್ತಿ ಒಂದು ರಾತ್ರಿ ನೆರಳಲ್ಲಿಡಿ. ಬೆಳಿಗ್ಗೆ ಕಣ್ಣು ಮೇಲ್ಮುಖವಾಗಿಯೇ ಇದೆಯಾ ನೋಡಿಕೊಂಡು, ಒಂದೇ ಕಣ್ಣು ಹೊರಗೆ ಬಿಟ್ಟು ನೆಟ್ಟು, ಹೆಬ್ಬೆರಳಿನಿಂದ ಸುತ್ತ ಮಣ್ಣು ಒತ್ತಿ. ಒಳಗೆ ಗಾಳಿ ಉಳಿಯಬಾರದು.

ಎಲೆ ಬಂತು ಅಂತ ಬೇರು ಬಂತೆಂದು ತಿಳಿಯಬೇಡಿ. ಮೊದಲು ಎಲೆ, ಬೇರು ಆಮೇಲೆ. ಕಿತ್ತು ನೋಡುವ ಚಾಳಿ ಎಲ್ಲಿಂದ ಕಲಿತಿರೋ, ಬಿಟ್ಟುಬಿಡಿ. ಕೆಲವು ಸಲ ಆ ಪುಟ್ಟ ಕಡ್ಡಿಯಲ್ಲೇ ಎಲೆಯ ಪಕ್ಕ ಹಸಿರು ಕಾಯಿ ಇಣುಕುತ್ತದೆ. ಕಂಡರೆ ಹಣ್ಣು ಬಿಡುವ ಗಿಡ ಅಂತ ಖಾತ್ರಿ. ಮಕ್ಕಳನ್ನು ಕರೆದು ತೋರಿಸಿ, ಆಮೇಲೆ ಚಿವುಟಿ ಹಾಕಿ. ಬೇರಿಗೆ ಬೇಕಾದ ಸತ್ವವನ್ನು ಅದು ತಿನ್ನಬಾರದು.